ಹಗುರವೇ ಬಲ: ಕೈಯಾರೆ ಕಟ್ಟಿದ ಬಗ್ಗಿಯ ಕಥೆ

ಕ್ಯಾಲಿಫೋರ್ನಿಯಾದ ಮರಳುದಿಬ್ಬಗಳಲ್ಲಿ ಹುಟ್ಟಿದ ಪುಟ್ಟ ವಾಹನವೊಂದರ ಪರಂಪರೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಶೆಡ್ಡಿನವರೆಗೂ ಬಂದಿದೆ. ದಾರಿಯೇ ಇಲ್ಲದ ಕಡೆ ಓಡುವ ಬಂಡಿಯನ್ನು ಕಟ್ಟುವುದು ಹೇಗೆ? ಕಟ್ಟಿದವರು ಕಲಿಯುವುದೇನು?

1967ರ ಏಪ್ರಿಲ್. ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದ ದಕ್ಷಿಣದಲ್ಲಿರುವ ಲಾ ಪಾಜ್ ಪಟ್ಟಣದಿಂದ ಬ್ರೂಸ್ ಮೇಯರ್ಸ್ ಮತ್ತು ಟೆಡ್ ಮ್ಯಾಂಗಲ್ಸ್ ಎಂಬ ಇಬ್ಬರು ಗೆಳೆಯರು ಉತ್ತರದ ಕಡೆಗೆ ಹೊರಟರು. ತಲುಪಬೇಕಾದದ್ದು ಅಮೆರಿಕದ ಗಡಿಗೆ ಅಂಟಿಕೊಂಡಿರುವ ಟಿಹುವಾನಾ. ನಡುವಿನ ದೂರ ಸುಮಾರು ಒಂದೂವರೆ ಸಾವಿರ ಕಿಲೊಮೀಟರ್. ಈಗಿನ ಡಾಂಬರು ಹೆದ್ದಾರಿ ಪೂರ್ತಿಯಾದದ್ದು 1973ರಲ್ಲಿ. ಅಂದು ಇದ್ದದ್ದು ಕಲ್ಲು, ಹುಡಿಮಣ್ಣು, ಒಣಗಿದ ಹಳ್ಳ, ಕಳ್ಳಿಗಿಡಗಳ ನಡುವೆ ಲಾರಿಗಳು ಕೊರೆದ ಜಾಡು ಮಾತ್ರ. ಅದಕ್ಕೆ ಐದು ವರ್ಷ ಮೊದಲು ಇಬ್ಬರು ಬೈಕ್ ಸವಾರರು ಈ ಹಾದಿಯನ್ನು ಹತ್ತಿರಹತ್ತಿರ 40 ಗಂಟೆಯಲ್ಲಿ ಮುಗಿಸಿದ್ದರು. ನಾಲ್ಕು ಚಕ್ರದ ವಾಹನ ಆ ದಾಖಲೆಯ ಹತ್ತಿರ ಸುಳಿಯಲಾರದು ಎಂಬುದು ಆಗಿನವರ ನಂಬಿಕೆ. ಮೇಯರ್ಸ್ ಮತ್ತು ಮ್ಯಾಂಗಲ್ಸ್ ತೆಗೆದುಕೊಂಡದ್ದು 34 ಗಂಟೆ 45 ನಿಮಿಷ.

ಅವರು ಏರಿದ್ದ ಕಾರು ಯಾವ ಕಾರ್ಖಾನೆಯದ್ದೂ ಅಲ್ಲ. ಮೇಯರ್ಸ್ ತಮ್ಮ ಗ್ಯಾರೇಜಿನಲ್ಲಿ ತಾವೇ ಅಚ್ಚು ಹೊಡೆದು ಮಾಡಿದ ಕೆಂಪು ಫೈಬರ್ ಮೈಯ ‘ಮೇಯರ್ಸ್ ಮ್ಯಾಂಕ್ಸ್’ ಬಗ್ಗಿ ಅದು. ಅಭಿಮಾನಿಗಳ ಬಾಯಲ್ಲಿ ಅದು ‘ಓಲ್ಡ್ ರೆಡ್’. ಅದರ ಬೆನ್ನಿಗಿದ್ದದ್ದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಸಾಧಾರಣ ಎಂಜಿನ್. ದೊಡ್ಡ ವಿ8 ಎಂಜಿನ್‌ಗಳ ಆ ಕಾಲದಲ್ಲಿ ಇಷ್ಟು ಸಣ್ಣ ಎಂಜಿನ್ ದಾಖಲೆ ಮುರಿದದ್ದಕ್ಕೆ ಎರಡೇ ಕಾರಣ: ಕಾರು ಹಗುರವಾಗಿತ್ತು, ಅದರ ಚಕ್ರಗಳು ನೆಲ ಬಿಡುತ್ತಿರಲಿಲ್ಲ. ಆಫ್‌ರೋಡ್ ಬಗ್ಗಿ ಕಟ್ಟುವವರ ಇಡೀ ವಿದ್ಯೆ ಇವತ್ತಿಗೂ ಈ ಎರಡು ಮಾತಿನ ಸುತ್ತಲೇ ಇದೆ.

ದೋಣಿ ಕಟ್ಟುವವರ ಕೈ

ಬ್ರೂಸ್ ಮೇಯರ್ಸ್ ಹುಟ್ಟಿದ್ದು 1926ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಹುಡುಗನಾಗಿದ್ದಾಗಿಂದ ಕಡಲಿನ ಹುಚ್ಚು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಸೇರಿದರು. 1945ರ ಮೇ 11ರಂದು ಜಪಾನಿನ ಆತ್ಮಾಹುತಿ ವಿಮಾನಗಳು ಅಪ್ಪಳಿಸಿದ ‘ಬಂಕರ್ ಹಿಲ್’ ಯುದ್ಧನೌಕೆಯಿಂದ ಬದುಕಿ ಬಂದವರಲ್ಲಿ ಅವರೂ ಒಬ್ಬರು. ಮುಂದೆ ಚಿತ್ರಕಲೆ ಕಲಿತರು, ಅಲೆಸವಾರಿಯ ಹಲಗೆ ಮಾಡಿದರು, ಕೋಸ್ಟಾ ಮೆಸಾದ ಜೆನ್ಸನ್ ಮರೀನ್ ಕಂಪನಿಯಲ್ಲಿ ಫೈಬರ್ ಗ್ಲಾಸಿನ ಹಾಯಿದೋಣಿ ಕಟ್ಟುವ ಕೆಲಸ ಮಾಡಿದರು. ಕಾರಿನ ಲೋಕಕ್ಕೆ ಅವರು ತಂದದ್ದು ಈ ದೋಣಿಯ ಕಸುಬನ್ನೇ.

ಆ ದಿನಗಳಲ್ಲಿ ಪಿಸ್ಮೋ ಬೀಚ್‌ನ ಮರಳುದಿಬ್ಬಗಳಲ್ಲಿ ಜನ ಹಳೆಯ ಕಾರುಗಳ ಮೈ ಕಿತ್ತು, ಬರೀ ಚಾಸಿ ಮತ್ತು ದೊಡ್ಡ ಎಂಜಿನ್ ಇಟ್ಟುಕೊಂಡು ಓಡಿಸುತ್ತಿದ್ದರು. ಆ ಬಂಡಿಗಳಿಗೆ ಶಕ್ತಿ ಬೇಕಾದಷ್ಟಿತ್ತು. ಆದರೆ ಭಾರಕ್ಕೆ ಮರಳಿನಲ್ಲಿ ಹೂತುಹೋಗುತ್ತಿದ್ದವು. ಬೀಟಲ್ ಕಾರಿನ ಮೈ ತೆಗೆದು ಅಗಲದ ಟೈರು ಹಾಕಿದ ಕೆಲವರು ಮಾತ್ರ ಅದೇ ದಿಬ್ಬವನ್ನು ಸಲೀಸಾಗಿ ಏರುತ್ತಿದ್ದರು. ಮೇಯರ್ಸ್ ಇದನ್ನು ಗಮನಿಸಿದರು. ಬೀಟಲ್ಲಿನ ಎಂಜಿನ್, ಗೇರ್‌ಬಾಕ್ಸ್ ಇಟ್ಟುಕೊಂಡು ಮೈಯನ್ನು ಮಾತ್ರ ಹೊಸದಾಗಿ, ಹಗುರವಾಗಿ, ಚೆಂದವಾಗಿ ಮಾಡಿದರೆ ಹೇಗೆ ಎಂದು ಲೆಕ್ಕ ಹಾಕಿದರು. ನ್ಯೂಪೋರ್ಟ್ ಬೀಚ್‌ನ ಗ್ಯಾರೇಜಿನಲ್ಲಿ ಕೆಲಸ ಹಿಡಿದು, 1964ರಲ್ಲಿ ಮೊದಲ ಬಗ್ಗಿಯನ್ನು ಹೊರತಂದರು.

ಫೈಬರ್ ಕೆಲಸ ನಮ್ಮ ಕರಾವಳಿಯವರಿಗೆ ಹೊಸದಲ್ಲ. ಮಲ್ಪೆ, ಮಂಗಳೂರು ಕಡೆಯ ನಾಡದೋಣಿಗಳೂ ಈಗ ಮರ ಬಿಟ್ಟು ಫೈಬರಿಗೆ ಬಂದಿವೆ. ವಿಧಾನ ಎಲ್ಲ ಕಡೆಯೂ ಒಂದೇ. ಮೊದಲು ಬೇಕಾದ ಆಕಾರದ ಅಚ್ಚು ತಯಾರಾಗಬೇಕು. ಎರಕ ಅಂಟಿಕೊಳ್ಳದಂತೆ ಅದರ ಒಳಮೈಗೆ ಮೇಣ ತಿಕ್ಕಬೇಕು. ಹೊರಮೈಯ ಬಣ್ಣ ಮತ್ತು ಹೊಳಪಿಗಾಗಿ ಜೆಲ್‌ಕೋಟ್ ಬಳಿಯಬೇಕು. ಅದು ಬಿಗಿಯುತ್ತ ಬಂದಾಗ ಗಾಜಿನ ನಾರಿನ ಹಾಸನ್ನು ಹೊದಿಸಿ, ಗಟ್ಟಿಕಾರಕ ಬೆರೆಸಿದ ರೆಸಿನ್ನನ್ನು ಬ್ರಷ್ಷಿನಿಂದ ಕುಡಿಸಬೇಕು. ಬಿಳಿಯಾಗಿದ್ದ ಹಾಸು ರೆಸಿನ್ ಕುಡಿದಂತೆ ಪಾರದರ್ಶಕವಾಗುತ್ತದೆ. ಎಲ್ಲಾದರೂ ಬಿಳಿಚುಕ್ಕೆ ಉಳಿದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಸಣ್ಣ ತೋಡುಗಳಿರುವ ಲೋಹದ ರೋಲರ್ ಉರುಳಿಸಿ ಆ ಗುಳ್ಳೆಯನ್ನು ಅಂಚಿನವರೆಗೆ ಓಡಿಸಿ ಹೊರಹಾಕಬೇಕು. ಬಿಟ್ಟರೆ ನಾಳೆ ಬಿರುಕು ಹುಟ್ಟುವುದು ಅಲ್ಲಿಂದಲೇ. ರೆಸಿನ್ ಬಿಗಿಯುವ ಮುನ್ನ ಇದೆಲ್ಲ ಮುಗಿಯಬೇಕಾದ್ದರಿಂದ ಕೈಯೂ ಚುರುಕಾಗಿರಬೇಕು, ಕಣ್ಣೂ ಚುರುಕಾಗಿರಬೇಕು.

ದೋಣಿ ಕಟ್ಟಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಚಪ್ಪಟೆ ಫೈಬರ್ ಹಾಳೆ ಒತ್ತಿದರೆ ಬಳುಕುತ್ತದೆ. ಅದನ್ನೇ ಬಾಗಿಸಿ ಉಬ್ಬುತಗ್ಗು ಕೊಟ್ಟರೆ ಅಷ್ಟೇ ತೂಕಕ್ಕೆ ಎಷ್ಟೋ ಪಟ್ಟು ಬಿಗಿಯಾಗುತ್ತದೆ. ಮ್ಯಾಂಕ್ಸ್‌ನ ಮೈಯಲ್ಲಿ ನೇರವಾದ ಚಪ್ಪಟೆ ಜಾಗ ಸಿಗುವುದೇ ಕಷ್ಟ. ಅದರ ದುಂಡು ಮಡ್‌ಗಾರ್ಡ್, ತಗ್ಗಿದ ಬಾಗಿಲಿಲ್ಲದ ಪಕ್ಕೆ, ಉಬ್ಬಿದ ಮೂತಿ ಎಲ್ಲವೂ ನೋಟಕ್ಕೆ ಎಷ್ಟು ಒಪ್ಪುತ್ತವೋ ಬಲಕ್ಕೂ ಅಷ್ಟೇ ಬೇಕಾದವು. ಮಡ್‌ಗಾರ್ಡ್ ಎತ್ತರದಲ್ಲಿರುವುದರಿಂದ ಕೆಳಗೆ ದೊಡ್ಡ ಟೈರಿಗೆ ಜಾಗ ಸಿಕ್ಕಿತು, ಚಕ್ರ ಮೇಲೆ ಕೆಳಗೆ ಆಡಲೂ ಅನುಕೂಲವಾಯಿತು.

ಹದಿನಾಲ್ಕು ಅಂಗುಲದ ಕತ್ತರಿ

ಬೀಟಲ್ಲನ್ನೇ ಏಕೆ ಆರಿಸಿಕೊಂಡರು? ಅದರ ಎಂಜಿನ್ ಹಿಂದಿದೆ, ಗಾಳಿಯಿಂದ ತಣಿಯುತ್ತದೆ. ರೇಡಿಯೇಟರ್ ಇಲ್ಲ, ನೀರಿಲ್ಲ, ಒಡೆಯುವ ಪೈಪಿಲ್ಲ. ಮುನ್ನಡೆಸುವ ಚಕ್ರಗಳ ಮೇಲೆಯೇ ಎಂಜಿನ್ನಿನ ಭಾರ ಕೂತಿರುವುದರಿಂದ ಮರಳಿನಲ್ಲೂ ಹಿಡಿತ ಸಿಗುತ್ತದೆ. ಮುಂಭಾಗ ಹಗುರವಾದ್ದರಿಂದ ಮೂತಿ ಹೂಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೀಟಲ್ಲಿನ ಮೇಲಿನ ಮೈ ಬೇರೆ, ತಳ ಬೇರೆ. ಬೋಲ್ಟು ಬಿಚ್ಚಿ ಮೈಯನ್ನು ಮೇಲೆತ್ತಿದರೆ ನಡುವೆ ಬೆನ್ನೆಲುಬಿನಂಥ ಕೊಳವೆಯುಳ್ಳ ತಳದ ತಟ್ಟೆ, ಅದರ ಎರಡು ತುದಿಗೆ ಚಕ್ರಗಳು, ಹಿಂದೆ ಎಂಜಿನ್, ಇಷ್ಟೂ ಹಾಗೆಯೇ ಉಳಿಯುತ್ತದೆ. ಗುಜರಿಯಲ್ಲಿ ಅಪಘಾತದ ಬೀಟಲ್ ಅಗ್ಗಕ್ಕೆ ಸಿಗುತ್ತಿತ್ತು.

ಮೊದಲ ಹನ್ನೆರಡರಷ್ಟು ಬಗ್ಗಿಗಳಲ್ಲಿ ಈ ತಳದ ತಟ್ಟೆಯನ್ನೂ ಮೇಯರ್ಸ್ ಬಳಸಿರಲಿಲ್ಲ. ಫೈಬರಿನ ತೊಟ್ಟಿಯೊಳಗೆ ಉಕ್ಕಿನ ಬಲವರ್ಧನೆ ಕೊಟ್ಟು, ಅದಕ್ಕೇ ನೇರವಾಗಿ ಎಂಜಿನ್ ಮತ್ತು ಸಸ್ಪೆನ್ಷನ್ ಬಿಗಿದಿದ್ದರು. ಅದು ಗಟ್ಟಿಮುಟ್ಟಾಗಿತ್ತು, ಆದರೆ ಮಾಡಲು ಬಹಳ ಶ್ರಮ. 985 ಡಾಲರ್‌ಗೆ ಕಿಟ್ ಮಾರಿದರೂ ಗಿಟ್ಟುತ್ತಿರಲಿಲ್ಲ. ಹಾಗಾಗಿ ಅವರು ವಿನ್ಯಾಸ ಬದಲಿಸಿ, ಬೀಟಲ್ಲಿನ ತಳವನ್ನೇ ಮೊಟಕು ಮಾಡಿ ಅದರ ಮೇಲೆ ಫೈಬರ್ ಮೈ ಕೂರಿಸುವ ಕಿಟ್ ತಂದರು. ಬೀಟಲ್ಲಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,400 ಮಿಲಿಮೀಟರ್. ಅದರಲ್ಲಿ ಹದಿನಾಲ್ಕು ಅಂಗುಲಕ್ಕೂ ತುಸು ಹೆಚ್ಚು ಕತ್ತರಿಸಿ ತೆಗೆದು, ಎರಡು ತುಂಡುಗಳನ್ನು ಮತ್ತೆ ಬೆಸೆಯಬೇಕು. ಕ್ಲಚ್, ಆಕ್ಸಿಲರೇಟರ್ ಕೇಬಲ್‌ಗಳು, ಗೇರ್ ಸಲಾಕೆ, ಬ್ರೇಕ್ ಪೈಪು ಎಲ್ಲವನ್ನೂ ಅಷ್ಟೇ ಗಿಡ್ಡ ಮಾಡಬೇಕು. ಬೆಸುಗೆ ಒಂದಿಷ್ಟು ಓರೆಯಾದರೂ ಕಾರು ಜೀವಮಾನವಿಡೀ ಒಂದು ಪಕ್ಕಕ್ಕೆ ಎಳೆಯುತ್ತಿರುತ್ತದೆ. ಆದ್ದರಿಂದ ಕತ್ತರಿಸುವ ಮುಂಚೆ ಅಳತೆಯ ಗುರುತು ಹಾಕಿ, ಕರ್ಣರೇಖೆಗಳನ್ನು ಅಳೆದು, ತಾತ್ಕಾಲಿಕ ಚುಕ್ಕಿ ಬೆಸುಗೆ ಹಾಕಿ ಮತ್ತೆ ಅಳೆದ ಮೇಲಷ್ಟೇ ಪೂರ್ತಿ ವೆಲ್ಡಿಂಗ್.

ಗಿಡ್ಡವಾದರೆ ಲಾಭವೇನು? ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಗಲಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ, ಇಕ್ಕಟ್ಟಿನಲ್ಲಿ ತಿರುಗುವುದು ಸುಲಭವಾಗುತ್ತದೆ, ತೂಕವೂ ಇಳಿಯುತ್ತದೆ.

1966ರ ಆಗಸ್ಟ್‌ನಲ್ಲಿ ‘ಹಾಟ್ ರಾಡ್’ ಪತ್ರಿಕೆಯ ಮುಖಪುಟಕ್ಕೆ ಬಂದ ಮೇಲೆ ಮ್ಯಾಂಕ್ಸ್‌ಗೆ ಬೇಡಿಕೆಯ ಮಹಾಪೂರ. 1967ರ ಕೊನೆಯಲ್ಲಿ ನಡೆದ ಮೊದಲ ಮೆಕ್ಸಿಕನ್ 1000 ಓಟವನ್ನು ಗೆದ್ದದ್ದೂ ಮ್ಯಾಂಕ್ಸ್. ವಿಕ್ ವಿಲ್ಸನ್ ಮತ್ತು ಅದೇ ಟೆಡ್ ಮ್ಯಾಂಗಲ್ಸ್ 27 ಗಂಟೆ 38 ನಿಮಿಷದಲ್ಲಿ ಗುರಿ ಮುಟ್ಟಿದರು. ಆ ಓಟವೇ ಇಂದಿನ ಪ್ರಸಿದ್ಧ ಬಾಹಾ 1000. ಮರುವರ್ಷ ‘ದಿ ಥಾಮಸ್ ಕ್ರೌನ್ ಅಫೇರ್’ ಚಿತ್ರದಲ್ಲಿ ಸ್ಟೀವ್ ಮ್ಯಾಕ್ವೀನ್ ಕಡಲತೀರದ ಮೇಲೆ ಮ್ಯಾಂಕ್ಸ್ ಓಡಿಸಿದ್ದನ್ನು ಜಗತ್ತೇ ನೋಡಿತು.

ಹೆಸರಿನ ಹಿಂದೆಯೇ ನಕಲೂ ಬಂತು. ಯಾರೋ ಒಂದು ಮ್ಯಾಂಕ್ಸ್ ಕೊಂಡು, ಅದರ ಮೈಯಿಂದಲೇ ಅಚ್ಚು ತೆಗೆದು ಮಾರತೊಡಗಿದರು. ಮೇಯರ್ಸ್ ನ್ಯಾಯಾಲಯದ ಮೆಟ್ಟಿಲೇರಿದರೂ ಪೇಟೆಂಟ್ ಹಕ್ಕು ಅವರ ಪಾಲಿಗೆ ಉಳಿಯಲಿಲ್ಲ. ಅವರ ಕಂಪನಿ ಮಾಡಿದ್ದು ಐದಾರು ಸಾವಿರ ಬಗ್ಗಿ. ಜಗತ್ತಿನಲ್ಲಿ ಹುಟ್ಟಿದ ನಕಲುಗಳು ಎರಡೂವರೆ ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ. 1971ರಲ್ಲಿ ಕಂಪನಿ ಮುಚ್ಚಿತು. ದಶಕಗಳ ನಂತರ ಅಭಿಮಾನಿಗಳ ಒತ್ತಾಸೆಯಿಂದ ಮೇಯರ್ಸ್ ಮತ್ತೆ ಕೆಲಸಕ್ಕೆ ಮರಳಿದರು. ‘ಓಲ್ಡ್ ರೆಡ್’ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆಪಟ್ಟಿಗೆ ಸೇರಿತು. 2021ರ ಫೆಬ್ರುವರಿಯಲ್ಲಿ, 94ರ ವಯಸ್ಸಿನಲ್ಲಿ ಮೇಯರ್ಸ್ ತೀರಿಕೊಂಡರು. ನಕಲು ಮಾಡಿದವರು ಹಣ ಮಾಡಿದರು ನಿಜ, ಆದರೆ ಇತಿಹಾಸ ನೆನೆಯುವುದು ಮೊದಲು ಅಚ್ಚು ಹೊಡೆದವರನ್ನೇ.

ಚಕ್ರ ನೆಲ ಬಿಡಬಾರದು

ಬಗ್ಗಿ ಕಟ್ಟುವವರ ನಿಜವಾದ ಪರೀಕ್ಷೆ ಸಸ್ಪೆನ್ಷನ್. ತಲೆಯ ಮೇಲೆ ಕೊಡ ಹೊತ್ತು ಗದ್ದೆಯ ಬದುವಿನ ಮೇಲೆ ನಡೆಯುವ ಹೆಂಗಸನ್ನು ನೋಡಿ. ಹಿಮ್ಮಡಿ, ಮಂಡಿ, ಸೊಂಟ ಪ್ರತಿ ಹೆಜ್ಜೆಗೂ ಏರಿಳಿಯುತ್ತವೆ, ಕೊಡದ ನೀರು ಮಾತ್ರ ತುಳುಕುವುದಿಲ್ಲ. ಒಳ್ಳೆಯ ಸಸ್ಪೆನ್ಷನ್ ಮಾಡಬೇಕಾದ ಕೆಲಸವೂ ಅದೇ. ನೆಲದ ಏರುತಗ್ಗನ್ನೆಲ್ಲ ಚಕ್ರ ನುಂಗಬೇಕು, ಮೈ ಸಮಾಧಾನವಾಗಿರಬೇಕು. ಚಕ್ರ ಗಾಳಿಗೆದ್ದರೆ ಸ್ಟಿಯರಿಂಗ್, ಬ್ರೇಕ್, ಎಂಜಿನ್ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಬೀಟಲ್ಲಿನಲ್ಲಿ ಸುರುಳಿ ಸ್ಪ್ರಿಂಗ್ ಬದಲು ಟಾರ್ಷನ್ ಬಾರ್ ಇದೆ. ಅಂದರೆ ತಿರುಚಿದಾಗ ಹಿಂದಿರುಗಿ ಒತ್ತುವ ಉಕ್ಕಿನ ಸಲಾಕೆ. ಕಾರಿನ ಭಾರೀ ಮೈ ತೆಗೆದು ಹಗುರ ಫೈಬರ್ ಕೂರಿಸಿದಾಗ ಈ ಸಲಾಕೆಗೆ ಹೊರೆ ಸಾಲದೆ ಹಿಂಭಾಗ ಮೇಲೆದ್ದುಬಿಡುತ್ತದೆ. ಹಾಗಾದಾಗ ಕಟ್ಟುವವರು ಸಲಾಕೆಯನ್ನು ಬಿಚ್ಚಿ ಬೇರೆ ಕೋನದಲ್ಲಿ ಕೂರಿಸುತ್ತಾರೆ. ಇಲ್ಲಿ ಜರ್ಮನ್ ತಂತ್ರಜ್ಞರ ಜಾಣತನ ನೋಡಬೇಕು. ಸಲಾಕೆಯ ಒಳತುದಿಯಲ್ಲಿ 40 ಹಲ್ಲು, ಹೊರತುದಿಯಲ್ಲಿ 44 ಹಲ್ಲು. ಒಳಗೆ ಒಂದು ಹಲ್ಲು ಸರಿಸಿದರೆ 9 ಡಿಗ್ರಿ ತಿರುಗುತ್ತದೆ. ಹೊರಗೆ ಒಂದು ಹಲ್ಲು ಸರಿಸಿದರೆ 8 ಡಿಗ್ರಿಗೆ ತುಸು ಮೇಲೆ. ಒಳಗೆ ಒಂದು ಹಲ್ಲು ಮುಂದಕ್ಕೆ, ಹೊರಗೆ ಒಂದು ಹಲ್ಲು ಹಿಂದಕ್ಕೆ ಇಟ್ಟರೆ ಸಿಗುವ ವ್ಯತ್ಯಾಸ ಒಂದು ಡಿಗ್ರಿಗೂ ಕಡಿಮೆ. ಯಾವ ವಿಶೇಷ ಸಲಕರಣೆಯೂ ಇಲ್ಲದೆ, ಹಲ್ಲು ಎಣಿಸುವ ತಾಳ್ಮೆಯೊಂದಿದ್ದರೆ ಕಾರಿನ ಎತ್ತರವನ್ನು ಅಷ್ಟು ನಾಜೂಕಾಗಿ ಹೊಂದಿಸಬಹುದು.

ಬೀಟಲ್ಲಿಗೂ ಅದರದೇ ಕೊರತೆ ಇತ್ತು. ಹಿಂದಿನ ಆಕ್ಸಲ್ ಗೇರ್‌ಬಾಕ್ಸಿನ ಪಕ್ಕದಲ್ಲಿ ಮಾತ್ರ ಮಡಚುತ್ತಿತ್ತು. ಚಕ್ರ ಕೆಳಗೆ ಜೋತಾಗ ಟೈರಿನ ತಳ ಒಳಕ್ಕೆ ವಾಲಿ, ಬಿರುಸಿನ ತಿರುವಿನಲ್ಲಿ ಹಿಂಭಾಗ ಎದ್ದು ಮಗುಚುವ ಭಯ ಇತ್ತು. 1960ರ ದಶಕದ ಕೊನೆಗೆ ಎರಡೂ ತುದಿಯಲ್ಲಿ ಕೀಲಿರುವ ಆಕ್ಸಲ್ ಬಂದಾಗ ಈ ದೋಷ ನೀಗಿತು. ಬಗ್ಗಿ ಕಟ್ಟುವವರು ಅದನ್ನು ಆಸೆಯಿಂದ ಅಪ್ಪಿಕೊಂಡರು.

ಇಂದಿನ ಬಗ್ಗಿಗಳಲ್ಲಿ ಮುಂದೆ ಸಾಮಾನ್ಯವಾಗಿ ಕಾಣುವುದು ಡಬಲ್ ವಿಶ್‌ಬೋನ್. ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತ್ರಿಕೋನದ ತೋಳು. ಮೇಲಿನ ತೋಳು ಕೆಳಗಿನದಕ್ಕಿಂತ ಗಿಡ್ಡವಿರಬೇಕು. ಹಾಗಿದ್ದಾಗ ಚಕ್ರ ಮೇಲೇರುತ್ತಿದ್ದಂತೆ ಅದರ ನೆತ್ತಿ ತುಸು ಒಳಕ್ಕೆ ವಾಲುತ್ತದೆ, ತಿರುವಿನಲ್ಲಿ ಮೈ ಹೊರಕ್ಕೆ ಬಾಗಿದರೂ ಟೈರು ಪೂರ್ತಿ ಅಗಲವಾಗಿ ನೆಲಕ್ಕೆ ಕೂರುತ್ತದೆ. ಸ್ಟಿಯರಿಂಗಿನ ಟೈ ರಾಡ್ ಕೂಡ ಈ ತೋಳುಗಳ ಚಲನೆಗೆ ಹೊಂದಿಕೊಂಡು ಆಡಬೇಕು. ಹೊಂದದಿದ್ದರೆ ಪ್ರತಿ ಗುಂಡಿಗೂ ಚಕ್ರ ತಾನಾಗಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಚಾಲಕ ಸ್ಟಿಯರಿಂಗ್ ಅಲುಗಾಡಿಸದಿದ್ದರೂ ಬಂಡಿ ತನ್ನ ಪಾಡಿಗೆ ತಾನು ಓಲಾಡುತ್ತದೆ.

ಗ್ಯಾರೇಜುಗಳಲ್ಲಿ ಬಹಳ ಜನ ‘ಎತ್ತರಿಸುವುದೇ ಸಸ್ಪೆನ್ಷನ್ ಮಾಡಿಫಿಕೇಷನ್’ ಎಂದು ನಂಬಿದ್ದಾರೆ. ಅದು ಅರ್ಧ ಸತ್ಯ. ಎತ್ತರದ ಜೊತೆಗೆ ಗುರುತ್ವಕೇಂದ್ರವೂ ಏರುತ್ತದೆ, ಬಂಡಿ ಮಗುಚುವ ಅಪಾಯ ಹೆಚ್ಚುತ್ತದೆ. ಬೇಕಾದದ್ದು ಚಕ್ರದ ಆಟ. ಚಕ್ರಕ್ಕೆ ಮೇಲೆ ಹೋಗಲು ಎಷ್ಟು ಜಾಗ ಬೇಕೋ, ಗುಂಡಿ ಸಿಕ್ಕಾಗ ಕೆಳಗೆ ಇಳಿಯಲೂ ಜಾಗ ಬೇಕು. ಒಟ್ಟು ಆಟದ ಮೂರನೇ ಒಂದು ಪಾಲಿನಷ್ಟನ್ನು ಕೆಳಮುಖಕ್ಕೆ ಉಳಿಸಿಕೊಳ್ಳುವುದು ಅನುಭವಸ್ಥರ ಕ್ರಮ. ಸ್ಪ್ರಿಂಗ್ ಬಿರುಸಾದರೆ ಬಂಡಿ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ, ಮೆತ್ತಗಾದರೆ ಹಾರಿ ಇಳಿದಾಗ ತಳ ಬಡಿಯುತ್ತದೆ. ಈ ಎರಡರ ನಡುವೆ ಹದ ತರುವುದು ಶಾಕ್ ಅಬ್ಸಾರ್ಬರ್. ಸ್ಪ್ರಿಂಗು ಹಿಡಿದಿಟ್ಟ ಶಕ್ತಿಯನ್ನು ಅದು ಎಣ್ಣೆಯ ಮೂಲಕ ಬಿಸಿಯಾಗಿ ಮಾರ್ಪಡಿಸಿ ಕಳೆಯುತ್ತದೆ. ದೀರ್ಘ ಓಟದಲ್ಲಿ ಎಣ್ಣೆ ಕಾದು ನೊರೆಯೆದ್ದರೆ ಶಾಕ್ ಅಬ್ಸಾರ್ಬರ್ ಇದ್ದೂ ಇಲ್ಲದಂತೆ. ಅದಕ್ಕೇ ರೇಸಿನ ಬಗ್ಗಿಗಳಲ್ಲಿ ಪಕ್ಕಕ್ಕೊಂದು ಹೆಚ್ಚುವರಿ ಎಣ್ಣೆಯ ಡಬ್ಬಿ ಇರುತ್ತದೆ.

ಚಕ್ರ, ಹಬ್, ಬ್ರೇಕ್ ಇವೆಲ್ಲ ಸ್ಪ್ರಿಂಗಿನ ಕೆಳಗೆ ಇರುವ ಭಾರ. ಮೈಯಲ್ಲಿ ಒಂದು ಕಿಲೊ ಇಳಿಸುವುದಕ್ಕಿಂತ ಇಲ್ಲಿ ಒಂದು ಕಿಲೊ ಇಳಿಸುವುದು ಹೆಚ್ಚು ಫಲ ಕೊಡುತ್ತದೆ. ಏಕೆಂದರೆ ಹಗುರ ಚಕ್ರ ಕಲ್ಲು ದಾಟಿದ ಕ್ಷಣವೇ ನೆಲಕ್ಕೆ ಮರಳುತ್ತದೆ. ದೊಡ್ಡದಾದ, ಭಾರವಾದ ಚಕ್ರ ಹಾಕಿ ಮೆರೆಯುವವರು ಇದನ್ನು ನೆನಪಿಡಬೇಕು.

ಬಾಹಾದಿಂದ ಪೀಥಂಪುರಕ್ಕೆ

1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಸ್ಪರ್ಧೆ ಹುಟ್ಟಿತು. ಮರುಭೂಮಿಯ ಬಾಹಾ ಓಟದ ಹೆಸರನ್ನೇ ಹೊತ್ತ ಅದು ಇಂದಿನ ಬಾಹಾ ಎಸ್‌ಎಇ (ಎಸ್‌ಎಇ ಎಂದರೆ ವಾಹನ ಎಂಜಿನಿಯರುಗಳ ಸಂಘ). ನಮ್ಮ ಹುಡುಗರ ಬಾಯಲ್ಲಿ ‘ಬಾಜಾ’. ಭಾರತಕ್ಕೆ ಅದು ಬಂದದ್ದು 2007ರಲ್ಲಿ. ಮಧ್ಯಪ್ರದೇಶದ ಇಂದೋರ್ ಹತ್ತಿರದ ಪೀಥಂಪುರ ಅದರ ಪ್ರಮುಖ ಕಣ. ದೇಶದ ಮೂಲೆಮೂಲೆಯ ಕಾಲೇಜುಗಳ ಜೊತೆ ಕರ್ನಾಟಕದ ತಂಡಗಳೂ ತಮ್ಮ ಬಗ್ಗಿಗಳನ್ನು ಲಾರಿಗೆ ಹೇರಿಕೊಂಡು ಅಲ್ಲಿಗೆ ಹೋಗುತ್ತವೆ.

ಈ ಸ್ಪರ್ಧೆಯ ಸೊಗಸು ಅದರ ಮಿತಿಯಲ್ಲಿದೆ. ಬಹುಕಾಲ ಎಲ್ಲ ತಂಡಗಳಿಗೂ ಒಂದೇ ಎಂಜಿನ್: ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಕಂಪನಿಯ 305 ಸಿಸಿಯ, 10 ಅಶ್ವಶಕ್ತಿಯ ಎಂಜಿನ್. ಇವತ್ತಿನ 125 ಸಿಸಿ ಬೈಕಿನಷ್ಟೇ ಶಕ್ತಿ. ಅದನ್ನು ತಿದ್ದುವಂತಿಲ್ಲ. ಹೀಗಾದಾಗ ಗೆಲ್ಲುವ ದಾರಿ ಉಳಿಯುವುದು ತೂಕ, ಸಸ್ಪೆನ್ಷನ್, ಗೇರಿನ ಲೆಕ್ಕ, ಗಟ್ಟಿತನ ಇಷ್ಟರಲ್ಲೇ. ಅಂದು ಮರಳುದಿಬ್ಬದಲ್ಲಿ ಮೇಯರ್ಸ್ ಕಂಡುಕೊಂಡ ಪಾಠಕ್ಕೆ ಇಂದು ನಿಯಮಪುಸ್ತಕವೇ ಹುಡುಗರನ್ನು ತಂದು ನಿಲ್ಲಿಸುತ್ತದೆ.

ಚಾಲಕರ ಜೀವದ ವಿಷಯದಲ್ಲಿ ಮಾತ್ರ ನಿಯಮ ಬಲು ಬಿಗಿ. ಸುತ್ತಲಿನ ಪಂಜರದ ಮುಖ್ಯ ಪೈಪುಗಳು ಶೇ 0.18ಕ್ಕೆ ಕಡಿಮೆಯಿಲ್ಲದಂತೆ ಇಂಗಾಲವಿರುವ ಉಕ್ಕಿನವಾಗಿರಬೇಕು. ಹೊರವ್ಯಾಸ ಒಂದು ಅಂಗುಲ, ದಪ್ಪ ಮೂರು ಮಿಲಿಮೀಟರ್ ಎಂಬುದು ಮೂಲ ಅಳತೆ. ಬೇರೆ ಅಳತೆ ಬಳಸಿದರೆ ಬಾಗುವಿಕೆಯಲ್ಲಿ ಅಷ್ಟೇ ಬಿಗಿ ಮತ್ತು ಬಲ ಇದೆಯೆಂದು ಲೆಕ್ಕ ತೋರಿಸಬೇಕು. ಹೆಲ್ಮೆಟ್‌ಗೂ ಪಂಜರಕ್ಕೂ ನಡುವೆ 6 ಅಂಗುಲ ಜಾಗ ಇರಬೇಕು. ಬೆಲ್ಟು ಬಿಗಿದು ಕೂತ ಚಾಲಕ 5 ಸೆಕೆಂಡಿನೊಳಗೆ ಹೊರಗೆ ಬರಬೇಕು. ಬ್ರೇಕ್ ಒತ್ತಿದರೆ ಎಲ್ಲ ಚಕ್ರಗಳೂ ಒಟ್ಟಿಗೆ ಕಚ್ಚಿ ನಿಲ್ಲಬೇಕು. ಇದರಲ್ಲಿ ಪಾಸಾಗದ ಬಂಡಿ ಓಟಕ್ಕಿಲ್ಲ.

ಬಿಡಿಭಾಗಗಳಿಗಾಗಿ ಬೆಂಗಳೂರಿನ ಹುಡುಗರು ಅಲೆಯುವುದು ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ ಅಂಗಡಿಗಳನ್ನು. ಗೂಡ್ಸ್ ಆಟೋದ ಗೇರ್‌ಬಾಕ್ಸ್, ಮಾರುತಿ 800ರ ಆಕ್ಸಲ್ ಕೀಲು ಮತ್ತು ಸ್ಟಿಯರಿಂಗ್ ರ‍್ಯಾಕ್ ಬಗ್ಗಿಗಳಲ್ಲಿ ಮರುಜನ್ಮ ಪಡೆಯುತ್ತವೆ. ಹಲವು ತಂಡಗಳು ಎಂಜಿನ್ನಿಗೆ ಸಿವಿಟಿ ಜೋಡಿಸುತ್ತವೆ. ನಮ್ಮ ಗೇರಿಲ್ಲದ ಸ್ಕೂಟರುಗಳಲ್ಲಿರುವ ಬೆಲ್ಟು ಮತ್ತು ಎರಡು ರಾಟೆಗಳ ವ್ಯವಸ್ಥೆಯೇ ಅದು. ಏರಿನಲ್ಲಿ ತಾನಾಗಿ ಬಲ ಹೆಚ್ಚಿಸಿಕೊಳ್ಳುತ್ತದೆ, ಬಯಲಿನಲ್ಲಿ ವೇಗ.

ಇಂಥದೊಂದು ಕಾಲೇಜಿನ ವರ್ಕ್‌ಶಾಪಿಗೆ ನಾನು ಹೋಗಿದ್ದಾಗ ಮೂರನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಪಂಜರದ ಪೈಪು ಹೊಂದಿಸುತ್ತಿದ್ದಳು. ಒಂದು ಪೈಪಿನ ತುದಿ ಇನ್ನೊಂದು ಪೈಪಿನ ದುಂಡಿಗೆ ಸರಿಯಾಗಿ ಕೂರಬೇಕಾದರೆ ಆ ತುದಿಯನ್ನು ಅರ್ಧಚಂದ್ರದಂತೆ ಕೊರೆಯಬೇಕು. ಅವಳು ಕಂಪ್ಯೂಟರಿನಲ್ಲಿ ತೆಗೆದ ಕಾಗದದ ನಮೂನೆಯನ್ನು ಪೈಪಿಗೆ ಸುತ್ತಿ, ಗೆರೆ ಎಳೆದು, ಗ್ರೈಂಡರಿನಲ್ಲಿ ಕತ್ತರಿಸಿ, ಅರದಿಂದ ಉಜ್ಜಿ ಸಂದಿಗೆ ಹಿಡಿದಳು. ಪಕ್ಕದಲ್ಲಿದ್ದ ಹಿರಿಯ ವೆಲ್ಡರ್ ಬಾಗಿ ನೋಡಿದರು.

“ಇಲ್ಲಿ ನೋಡಮ್ಮ, ಸಂದಿಯಲ್ಲಿ ಬೆಳಕು ಕಾಣ್ತಿದೆ. ಇನ್ನೂ ಸ್ವಲ್ಪ ಅರ ಹಾಕು.”

“ವೆಲ್ಡಿಂಗ್‌ನಲ್ಲಿ ತುಂಬಲ್ವಾ ಅಣ್ಣ ಅದು?”

“ತುಂಬುತ್ತೆ. ಆದ್ರೆ ಬಂಡಿ ಪಲ್ಟಿ ಹೊಡೆದ ದಿನ ಮೊದಲು ಬಿಡೋದು ಅದೇ ಜಾಗ.”

ಅವಳು ಮರುಮಾತಾಡದೆ ಅರ ಎತ್ತಿಕೊಂಡಳು. ಬೆಳಕು ಕಾಣದಷ್ಟು ಸಂದಿ ಮುಚ್ಚಿದ ಮೇಲೆ ಅಣ್ಣ ಟಾರ್ಚ್ ಹಿಡಿದರು. ಲೆಕ್ಕ ಬಲ್ಲವಳು, ಲೋಹ ಬಲ್ಲವರು. ಒಂದೇ ಮೇಜಿನ ಎರಡು ಬದಿಯಲ್ಲಿ ಇವರಿಬ್ಬರೂ ನಿಂತಾಗ ಒಳ್ಳೆಯ ಯಂತ್ರ ಹುಟ್ಟುತ್ತದೆ. ನಮ್ಮ ಶಿಕ್ಷಣ ಇಬ್ಬರನ್ನೂ ಬೇರೆಬೇರೆ ಕೋಣೆಯಲ್ಲಿ ಕೂರಿಸಿ ಬಹಳ ಕಾಲವಾಗಿದೆ.

ಪಂಜರದ ಮೇಲೆ ಹೊದಿಸುವ ಮೈಯೂ ಯೋಚಿಸಿ ಮಾಡಬೇಕಾದದ್ದು. ಕೆಲವರು ತೆಳು ಅಲ್ಯೂಮಿನಿಯಂ ಹಾಳೆ ಬಳಸುತ್ತಾರೆ, ಕೆಲವರು ಫೈಬರ್. ಹೊದಿಕೆ ಕಲ್ಲು ಕೆಸರನ್ನು ತಡೆಯಬೇಕು, ಚೂಪು ಅಂಚು ಎಲ್ಲೂ ಇರಬಾರದು, ನಾಲ್ಕು ಗುಂಡಿ ಬಿಚ್ಚಿದರೆ ಕೈಗೆ ಬರುವಂತಿರಬೇಕು. ಕೊನೆಯ ದಿನದ ನಾಲ್ಕು ಗಂಟೆಯ ಸಹಿಷ್ಣುತಾ ಓಟದಲ್ಲಿ ತೋಳು ಮುರಿದು ಬಂದ ಬಂಡಿಯನ್ನು ಹೊದಿಕೆ ಬಿಚ್ಚಲಾಗದೆ ನಿಲ್ಲಿಸಿಕೊಂಡರೆ ವರ್ಷದ ಶ್ರಮ ಮಣ್ಣುಪಾಲು.

ಎಲ್ಲಿ ಓಡಿಸಬೇಕು, ಎಲ್ಲಿ ಕೂಡದು

ಇಷ್ಟೆಲ್ಲ ಓದಿದ ಮೇಲೆ ಮನೆಯ ಹಳೆಯ ಕಾರು ಅಥವಾ ಜೀಪಿನ ಮೇಲೆ ಕೆಲವರ ಕಣ್ಣು ಬೀಳಬಹುದು. ಅವರು ಕಾನೂನು ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ ₹5,000 ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಕೈಯಾರೆ ಕಟ್ಟಿದ ಬಗ್ಗಿ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. ಅದರ ಜಾಗ ಖಾಸಗಿ ಜಮೀನು, ಬೇಲಿ ಹಾಕಿದ ಟ್ರ್ಯಾಕ್, ಸ್ಪರ್ಧೆಯ ಕಣ.

ಈ ಕಾನೂನನ್ನು ಅಡ್ಡಿ ಎಂದುಕೊಳ್ಳಬೇಕಿಲ್ಲ. ಪರೀಕ್ಷೆಯಾಗದ ಬೆಸುಗೆ, ಲೆಕ್ಕ ತಪ್ಪಿದ ಬ್ರೇಕ್ ರಸ್ತೆಯಲ್ಲಿ ಕೈಕೊಟ್ಟರೆ ಬಲಿಯಾಗುವುದು ಪಕ್ಕದಲ್ಲಿ ನಡೆದು ಹೋಗುತ್ತಿರುವವರು.

ಕಾನೂನಿನಷ್ಟೇ ಮುಖ್ಯವಾದದ್ದು ನೆಲದ ಮೇಲಿನ ಗೌರವ. ಪಶ್ಚಿಮಘಟ್ಟದ ಹುಲ್ಲುಗಾವಲು, ಶೋಲಾ ಕಾಡಿನ ಅಂಚು, ಹಳ್ಳದ ಪಾತ್ರ ಇವು ಆಫ್‌ರೋಡಿಗರ ಆಟದ ಮೈದಾನವಲ್ಲ. ಹಲ್ಲಿನ ಟೈರು ಒಮ್ಮೆ ಕೊರೆದ ಜಾಡಿನಲ್ಲಿ ಮಳೆಗಾಲದ ನೀರು ಹರಿದು ಕೊರಕಲಾಗುತ್ತದೆ, ಮೇಲ್ಮಣ್ಣು ಕೊಚ್ಚಿಹೋಗುತ್ತದೆ, ಅಲ್ಲಿ ಮತ್ತೆ ಹುಲ್ಲು ಹಿಡಿಯಲು ವರ್ಷಗಳೇ ಬೇಕು. ಬಗ್ಗಿಯನ್ನು ನಿಜವಾಗಿ ಪ್ರೀತಿಸುವವರು ಅದನ್ನು ಇಂಥಲ್ಲಿಗೆ ಒಯ್ಯಬಾರದು.

ಕಾಲೇಜುಗಳಿಗೆ, ಹೆತ್ತವರಿಗೆ ಒಂದು ಮಾತು

ಬಗ್ಗಿ ಕಟ್ಟುವ ತಂಡಕ್ಕೆ ಕಾಲೇಜುಗಳಲ್ಲಿ ಸಿಗುವ ಮರ್ಯಾದೆ ಬಹುತೇಕ ಕಡೆ ಗೆದ್ದು ಬಂದ ದಿನದ ಫೋಟೊಗೆ ಮುಗಿಯುತ್ತದೆ. ಉಳಿದ ಕಾಲ ಅವರು ವರ್ಕ್‌ಶಾಪಿನ ಬೀಗದ ಕೈಗಾಗಿ, ಹಾಜರಾತಿಗಾಗಿ, ಪೈಪಿನ ದುಡ್ಡಿಗಾಗಿ ಕಚೇರಿ ಅಲೆಯುತ್ತಿರುತ್ತಾರೆ. ಹೆತ್ತವರಲ್ಲಿ ಹಲವರಿಗೆ ಮಗ ಅಥವಾ ಮಗಳು ಗ್ರೀಸು ಮೆತ್ತಿಕೊಂಡು ರಾತ್ರಿ ಮನೆಗೆ ಬರುವುದು ಕಾಲಹರಣದಂತೆ ಕಾಣುತ್ತದೆ.

ಆ ಮಕ್ಕಳು ಅಲ್ಲಿ ಕಲಿಯುತ್ತಿರುವುದು ಪಠ್ಯದ ಐದಾರು ವಿಷಯಗಳನ್ನು ಒಟ್ಟಿಗೆ. ಲೋಹಶಾಸ್ತ್ರ ಅವರಿಗೆ ಬಿರುಕು ಬಿಟ್ಟ ಬೆಸುಗೆಯಲ್ಲಿ ಅರ್ಥವಾಗುತ್ತದೆ, ಯಂತ್ರಚಲನಶಾಸ್ತ್ರ ಓಲಾಡುವ ಚಕ್ರದಲ್ಲಿ, ಅರ್ಥಶಾಸ್ತ್ರ ಗುಜರಿ ಅಂಗಡಿಯ ಚೌಕಾಸಿಯಲ್ಲಿ. ಇಪ್ಪತ್ತು ಜನ ಜಗಳಾಡಿಯೂ ಒಂದೇ ಬಂಡಿ ಕಟ್ಟಿ ಮುಗಿಸುವುದು ಹೇಗೆಂದು ಯಾವ ಪುಸ್ತಕವೂ ಕಲಿಸುವುದಿಲ್ಲ.

ಆದ್ದರಿಂದ ಆಡಳಿತ ಮಂಡಳಿಗಳಲ್ಲಿ ಕೇಳಿಕೊಳ್ಳುವುದಿಷ್ಟು. ವರ್ಕ್‌ಶಾಪನ್ನು ಸಂಜೆಯ ನಂತರವೂ ತೆರೆದಿಡಿ. ಜೊತೆಗೆ ಒಬ್ಬ ಅನುಭವಿ ವೆಲ್ಡರನ್ನು, ಒಬ್ಬ ಟರ್ನರನ್ನು ಗೌರವಧನ ಕೊಟ್ಟು ಗುರುಗಳೆಂದೇ ಕರೆಸಿ. ಕನ್ನಡಕ, ಕೈಗವಸು, ಫೈಬರ್ ದೂಳಿಗೆ ಮುಖಗವಸು ಇಲ್ಲದೆ ಯಾರನ್ನೂ ಒಳಗೆ ಬಿಡಬೇಡಿ. ಕ್ಯಾಂಪಸ್ಸಿನ ಮೂಲೆಯಲ್ಲಿ ಮಣ್ಣಿನ ಸಣ್ಣ ಟ್ರ್ಯಾಕಿಗೆ ಒಂದೆರಡು ಎಕರೆ ಬಿಟ್ಟುಕೊಡಿ. ಹೆತ್ತವರೇ, ಒಂದು ಭಾನುವಾರ ಬಿಡುವು ಮಾಡಿಕೊಂಡು ಆ ಶೆಡ್ಡಿಗೆ ಹೋಗಿ ಬನ್ನಿ. ನಿಮ್ಮ ಮಕ್ಕಳು ಏನು ಕಟ್ಟುತ್ತಿದ್ದಾರೆಂದು ಅವರಿಂದಲೇ ಕೇಳಿ ತಿಳಿಯಿರಿ.